ಪುಣೆಯ ತಾಯಿ, ಸಂಭಾಜಿಯ ಅಜ್ಜಿ

ಪುಣೆಯ ಶನಿವಾರವಾಡೆಯಿಂದ ನಾಲ್ಕು ಹೆಜ್ಜೆ ನಡೆದರೆ ಲಾಲ್ ಮಹಲ್ ಸಿಗುತ್ತದೆ. ಶಹಾಜಿ ಭೋಸಲೆ ಕಟ್ಟಿಸಿದ ಮೂಲ ಮನೆ ಎಂದೋ ಅಳಿದುಹೋಗಿದೆ. ಈಗಿರುವುದು ನಗರಪಾಲಿಕೆ 1980ರ ದಶಕದಲ್ಲಿ ಕಟ್ಟಿಸಿದ ಕಟ್ಟಡ. ಶಾಲೆಯ ಮಕ್ಕಳು ಸಾಲಾಗಿ ಒಳಗೆ ಬರುತ್ತಾರೆ. ಜೀಜಾಬಾಯಿ ಯಾರೆಂದು ಅವರನ್ನು ಕೇಳಿದರೆ, ಮಗನಿಗೆ ರಾಮಾಯಣ, ಮಹಾಭಾರತದ ಕಥೆ ಹೇಳಿ ಶಿವಾಜಿ ಮಹಾರಾಜರನ್ನು ರೂಪಿಸಿದ ತಾಯಿ ಎಂದು ಥಟ್ಟನೆ ಹೇಳಿಬಿಡುತ್ತಾರೆ. ನಮ್ಮ ಕರ್ನಾಟಕದ ಪಠ್ಯಗಳಲ್ಲಿ ಓದಿ ಬೆಳೆದವರಿಗೂ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ.

ಇಷ್ಟರಲ್ಲಿ ಜೀಜಾಬಾಯಿಯವರ ಎಪ್ಪತ್ತಾರು ವರ್ಷಗಳ ಬದುಕಿನ ಒಂದು ಮೂಲೆ ಮಾತ್ರ ಕಾಣುತ್ತದೆ. ಅವರ ಸಂಸಾರದ ಅರ್ಧ ಭಾಗ ಕನ್ನಡ ನೆಲದಲ್ಲಿತ್ತು, ಬೆಂಗಳೂರಿನಲ್ಲಿತ್ತು. ಅವರ ಗಂಡ ತೀರಿಹೋದದ್ದು ಈಗಿನ ದಾವಣಗೆರೆ ಜಿಲ್ಲೆಯಲ್ಲಿ, ಹಿರಿಯ ಮಗ ಸತ್ತದ್ದು ಈಗಿನ ಕೊಪ್ಪಳ ಜಿಲ್ಲೆಯಲ್ಲಿ. ತಾಯಿ ಸತ್ತ ಮೊಮ್ಮಗನನ್ನು ಅರವತ್ತು ದಾಟಿದ ಮೇಲೆ ಎತ್ತಿ ಬೆಳೆಸಿದವರು ಅವರೇ. ತಾಯಿಯ ಹಿರಿಮೆಯನ್ನು ಅಷ್ಟು ಎತ್ತರದ ದನಿಯಲ್ಲಿ ಹೇಳುತ್ತ ಬಂದ ನಾವು, ಆ ಮನೆಯ ಅಜ್ಜಿಯನ್ನು ನೆನೆಯುವುದನ್ನೇ ಮರೆತಿದ್ದೇವೆ.

ಜೀಜಾಬಾಯಿ ಹುಟ್ಟಿದ್ದು 1598ರಲ್ಲಿ, ಈಗಿನ ಬುಲ್ಢಾಣಾ ಜಿಲ್ಲೆಯ ಸಿಂದಖೇಡ್ ರಾಜಾದಲ್ಲಿ. ತಂದೆ ಲಖುಜಿ ಜಾಧವರು ಅಹಮದ್‌ನಗರದ ನಿಜಾಮಶಾಹಿಯ ಪ್ರಬಲ ಸರದಾರರು. ಮದುವೆಯಾದದ್ದು ವೆರೂಳದ ಭೋಸಲೆ ಮನೆತನದ ಶಹಾಜಿಯವರನ್ನು. ತವರೂ ದೊಡ್ಡದು, ಗಂಡನ ಮನೆಯೂ ಬೆಳೆಯುತ್ತಿದ್ದ ಮನೆ. ಆದರೆ ಆ ಕಾಲದ ದಖ್ಖನ್ನಿನಲ್ಲಿ ಸರದಾರರ ನಿಷ್ಠೆ ಬದಲಾಗುತ್ತಲೇ ಇತ್ತು. ಇವತ್ತು ನಿಜಾಮಶಾಹಿ, ನಾಳೆ ಮೊಗಲರು, ನಾಡಿದ್ದು ಬಿಜಾಪುರದ ಆದಿಲಶಾಹಿ. ಹೀಗಾಗಿ ಬೀಗರೇ ಎದುರುಬದುರಾಗಿ ಕತ್ತಿ ಹಿಡಿದು ನಿಂತ ದಿನಗಳು ಬಂದವು. ಹೆಣ್ಣುಮಗಳಿಗೆ ಎರಡೂ ಕಡೆಯ ಗಾಯ ತನ್ನದೇ.

1629ರಲ್ಲಿ ಲಖುಜಿ ಜಾಧವರನ್ನು ದೌಲತಾಬಾದ್ ಕೋಟೆಯಲ್ಲಿ, ನಿಜಾಮಶಾಹಿ ಸುಲ್ತಾನನ ಆಸ್ಥಾನಕ್ಕೆ ಬಂದಾಗ ಕೊಂದರು. ಜೊತೆಗಿದ್ದ ಗಂಡುಮಕ್ಕಳೂ ಮೊಮ್ಮಗನೂ ಅಲ್ಲೇ ಬಲಿಯಾದರು. ಒಂದೇ ದಿನದಲ್ಲಿ ಜೀಜಾಬಾಯಿಯವರ ತವರಿನ ಮೂರು ತಲೆಮಾರು ಕುಸಿಯಿತು. ಅದಾಗಿ ಕೆಲವೇ ತಿಂಗಳಿಗೆ, 1630ರ ಫೆಬ್ರವರಿ 19ರಂದು, ಜುನ್ನರದ ಹತ್ತಿರದ ಶಿವನೇರಿ ಕೋಟೆಯಲ್ಲಿ ಶಿವಾಜಿಯವರ ಜನನವಾಯಿತು. ಗಂಡ ಯುದ್ಧದಲ್ಲಿ ಊರೂರು ಅಲೆಯುತ್ತಿದ್ದರು. ತುಂಬಿದ ಬಸುರಿಯನ್ನು ಶಿವನೇರಿಯಲ್ಲಿ ಬಿಟ್ಟದ್ದಕ್ಕೆ ಕಾರಣ, ಆ ಕೋಟೆ ಹಿರಿಯ ಮಗ ಸಂಭಾಜಿಯ ಹೆಂಡತಿಯ ತವರಿನವರ ಕಾವಲಿನಲ್ಲಿದ್ದದ್ದು ಎನ್ನುತ್ತಾರೆ. ತನ್ನ ತವರು ಉಳಿಯದ ಹೊತ್ತಿನಲ್ಲಿ ಸೊಸೆಯ ತವರಿನ ಆಸರೆಯಲ್ಲಿ ಬಾಣಂತನ ಮಾಡಿಸಿಕೊಂಡ ತಾಯಿ ಅವರು. ಸಂಬಂಧಗಳನ್ನು ಕಾಪಾಡಿಕೊಳ್ಳುವುದು ಜೀವ ಉಳಿಸುವ ಕೆಲಸ ಎಂಬುದನ್ನು ಅವರು ಕಲಿತದ್ದು ಹೀಗೆ.

ಅದೇ ವರ್ಷಗಳಲ್ಲಿ ಪುಣೆ ಸುಟ್ಟುಹೋಯಿತು. ಶಹಾಜಿಯವರ ಜಹಗೀರಿಗೆ ಸೇರಿದ್ದ ಈ ಊರನ್ನು ಆದಿಲಶಾಹಿಯ ಮುರಾರ ಜಗದೇವ ಎಂಬ ಸರದಾರ ಬೆಂಕಿಗೆ ಒಡ್ಡಿದ. ಊರ ನೆಲದಲ್ಲಿ ಕತ್ತೆ ಹೂಡಿ ಉಳುಮೆ ಮಾಡಿಸಿದ, ಇನ್ನು ಇಲ್ಲಿ ಯಾರೂ ನೆಲೆಸಕೂಡದೆಂದು ಕಬ್ಬಿಣದ ಹಾರೆ ನೆಡಿಸಿದ ಎಂಬುದು ಜನ ಇಂದಿಗೂ ಹೇಳುವ ಮಾತು. ಬೆನ್ನಲ್ಲೇ 1630ರಿಂದ 1632ರವರೆಗಿನ ಭೀಕರ ಬರ ದಖ್ಖನ್ನನ್ನೂ ಗುಜರಾತನ್ನೂ ಬಡಿಯಿತು. ಮುಳಾ, ಮುಠಾ ನದಿಗಳ ಸಂಗಮದ ಈ ಊರಿನ ಸುತ್ತ ಹೊಲಗಳು ಹಾಳುಬಿದ್ದು ಕಾಡುಪ್ರಾಣಿಗಳ ಪಾಲಾದವು.

1636ರಲ್ಲಿ ನಿಜಾಮಶಾಹಿ ಮುಗಿಯಿತು. ಶಹಾಜಿ ಬಿಜಾಪುರದ ಸೇವೆಗೆ ಸೇರಿದರು. ಪುಣೆಯ ಜಹಗೀರು ಅವರ ಕೈಯಲ್ಲೇ ಉಳಿಯಿತು. ಅದನ್ನು ಮತ್ತೆ ಊರು ಮಾಡಲು ಕಾರಭಾರಿ ದಾದೋಜಿ ಕೊಂಡದೇವರೂ, ಮನೆಯ ಹಿರಿಯರಾಗಿ ಜೀಜಾಬಾಯಿಯವರೂ ಬಂದರು. ಚಿನ್ನದ ನೇಗಿಲು ಹೂಡಿ ಶಾಪ ಕಳೆದರೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಹಾಳೂರು ಮತ್ತೆ ಊರಾಗಲು ಒಂದು ದಿನದ ಪೂಜೆ ಸಾಲದು. ಓಡಿಹೋದ ರೈತ ಯಾವ ನಂಬಿಕೆಯ ಮೇಲೆ ತಿರುಗಿ ಬರಬೇಕು? ಅವನಿಗೆ ಸರಕಾರದ ಕೌಲು ಬೇಕು. ಆ ಕಾಲದ ಪದ್ಧತಿಯಂತೆ ಹೊಸದಾಗಿ ಹಸನು ಮಾಡಿದ ಹೊಲಕ್ಕೆ ಮೊದಲ ವರ್ಷ ಹೆಸರಿಗಷ್ಟೇ ಕಂದಾಯ, ಮುಂದೆ ವರ್ಷದಿಂದ ವರ್ಷಕ್ಕೆ ತುಸು ತುಸು ಏರಿಕೆ. ಎತ್ತಿಗೆ, ಬಿತ್ತನೆ ಬೀಜಕ್ಕೆ ಮುಂಗಡ. ಜಾನುವಾರು ಹಿಡಿಯುವ ತೋಳ ಕೊಂದವರಿಗೆ ಇನಾಮು. ಇಂಥ ಕ್ರಮಗಳಿಂದಲೇ ಮಾವಳ ಸೀಮೆಯ ಹೊಲಗಳು ಮತ್ತೆ ಹಸಿರಾದವು.

ಇದರ ಜೊತೆಗೇ ಬರುವುದು ಕಸಬಾ ಗಣಪತಿಯ ಗುಡಿ. ಆ ಗುಡಿಯನ್ನು ಕಟ್ಟಿಸಿದವರು ಜೀಜಾಬಾಯಿಯವರು ಎಂದು ಪುಣೆ ನಂಬುತ್ತದೆ. ಗುಡಿ ಕಟ್ಟಿದರೆ ಅರ್ಚಕ ಬೇಕು, ಹೂವಾಡಗಿತ್ತಿ ಬೇಕು, ಗಾಣದ ಎಣ್ಣೆ ಬೇಕು, ಹಬ್ಬಕ್ಕೆ ಸಂತೆ ಬೇಕು. ಇನ್ನು ಮುಂದೆ ನಾವು ಇಲ್ಲೇ ಇರುತ್ತೇವೆ ಎಂದು ಒಡೆಯರ ಮನೆಯವರೇ ಊರಿಗೆ ಕೊಟ್ಟ ಮಾತು ಅದು. ಇಂದಿಗೂ ಅನಂತ ಚತುರ್ದಶಿಯ ಮೆರವಣಿಗೆಯಲ್ಲಿ ಕಸಬಾ ಗಣಪತಿಗೇ ಮೊದಲ ಮಾನ. ಎರಡನೆಯದು ತಾಂಬಡಿ ಜೋಗೇಶ್ವರಿಗೆ. ದುಡಿಮೆಗಾಗಿ ಪುಣೆಗೆ ಬಂದು ನೆಲೆನಿಂತ ಕನ್ನಡ ಮನೆಗಳ ಮಕ್ಕಳೂ ಈ ಮೆರವಣಿಗೆಯ ಢೋಲು ಕೇಳುತ್ತಲೇ ಬೆಳೆಯುತ್ತಾರೆ. ಈ ನಗರ ತನ್ನನ್ನು ಕಟ್ಟಿದ ಹೆಣ್ಣುಮಗಳಿಗೆ ಸಲ್ಲಿಸುವ ಅತಿದೊಡ್ಡ ಗೌರವ ಇದೇ ಇರಬೇಕು.

ಈಗ ಬೆಂಗಳೂರಿಗೆ ಬರೋಣ. 1638ರಲ್ಲಿ ರಣದುಲ್ಲಾ ಖಾನನ ನೇತೃತ್ವದ ಬಿಜಾಪುರದ ಸೈನ್ಯ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದಿತು. ಗೌಡರು ಮಾಗಡಿಗೆ ಸರಿದರು. ಆ ದಂಡಯಾತ್ರೆಯಲ್ಲಿದ್ದ ಶಹಾಜಿಯವರಿಗೆ ಬೆಂಗಳೂರು ಜಹಗೀರಾಗಿ ಸಿಕ್ಕಿತು. ಅಲ್ಲಿ ಅವರು ಅರಸರಂತೆಯೇ ಆಸ್ಥಾನ ಕಟ್ಟಿಕೊಂಡರು. ಜಯರಾಮ ಪಿಂಡ್ಯೆ ಎಂಬ ಕವಿ ಅವರನ್ನು ಕೊಂಡಾಡಿ ಬರೆದ ‘ರಾಧಾಮಾಧವವಿಲಾಸಚಂಪು’ ಆ ಆಸ್ಥಾನದ ವೈಭವಕ್ಕೆ ಸಾಕ್ಷಿ.

1640ರಲ್ಲಿ ಪುಣೆಯಲ್ಲಿ ಶಿವಾಜಿಯವರಿಗೂ ಫಲಟಣದ ನಿಂಬಾಳಕರ ಮನೆತನದ ಸಯಿಬಾಯಿಯವರಿಗೂ ಮದುವೆಯಾಯಿತು. ಶಹಾಜಿಯವರ ತಾಯಿಯೂ ಅದೇ ನಿಂಬಾಳಕರ ಮನೆಯವರು. ಅತ್ತೆಯ ತವರಿನಿಂದಲೇ ಸೊಸೆಯನ್ನು ತಂದದ್ದು ಕೊಟ್ಟು ತರುವ ಸಂಬಂಧವನ್ನು ಬೆಸೆಯುವ ರೀತಿ. ಮುಂದೆ ಇದೇ ಸಯಿಬಾಯಿಯ ಮಗಳು ಸಖುಬಾಯಿಯನ್ನು ನಿಂಬಾಳಕರ ಮನೆಗೇ ಕೊಟ್ಟರು. ಮದುವೆಯ ನಂತರ ಜೀಜಾಬಾಯಿ ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಹೋದರು, ಸ್ವಲ್ಪ ಕಾಲ ಇದ್ದು 1642ರ ಸುಮಾರಿಗೆ ಪುಣೆಗೆ ಮರಳಿದರು.

ಆ ಮರಳುವಿಕೆಯಿಂದ ಸಂಸಾರ ಎರಡು ಕಡೆಗಾಯಿತು. ಶಹಾಜಿ, ಹಿರಿಯ ಮಗ ಸಂಭಾಜಿ, ಸವತಿ ತುಕಾಬಾಯಿ, ಆಕೆಯ ಮಗ ಏಕೋಜಿ ಇವರೆಲ್ಲ ಬೆಂಗಳೂರಿನಲ್ಲಿ. ಜೀಜಾಬಾಯಿ, ಶಿವಾಜಿ, ಎಳೆಯ ಸೊಸೆ ಪುಣೆಯಲ್ಲಿ. ನಡುವೆ ಎಂಟುನೂರು ಕಿಲೋಮೀಟರಿಗೂ ಮಿಕ್ಕ ದಾರಿ, ಕೃಷ್ಣೆ, ತುಂಗಭದ್ರೆಯಂಥ ಹೊಳೆಗಳು. ಗಂಡಹೆಂಡಿರ ನಡುವೆ ಮನಸ್ತಾಪವಿತ್ತೆಂದು ಕೆಲವರು ಊಹೆ ಕಟ್ಟಿದ್ದಾರೆ. ಅದಕ್ಕಿಂತ ಆ ವ್ಯವಸ್ಥೆಯನ್ನು ಗಮನಿಸುವುದು ನ್ಯಾಯ. ಸರದಾರ ಸುಲ್ತಾನ ಹೇಳಿದ ಕಡೆ ದುಡಿಯಲೇಬೇಕು. ಅವನ ಹಳೆಯ ಜಹಗೀರಿಗೆ ನಂಬಿಕಸ್ಥರೊಬ್ಬರು ಬೇಕೇಬೇಕು. ಶಹಾಜಿಯವರು ಪುಣೆಗೆ ಆರಿಸಿದ ಆ ನಂಬಿಕಸ್ಥರು ಹೆಂಡತಿಯೇ. ಗಂಡ ದೂರದ ಊರಲ್ಲಿ ದುಡಿಯುವಾಗ ಹೊಲ, ಮನೆ, ಮಕ್ಕಳನ್ನು ಒಬ್ಬರೇ ನೋಡಿಕೊಂಡ ಹೆಣ್ಣುಮಕ್ಕಳ ಪಾಡು ಗೊತ್ತಿರುವ ಯಾವ ಕನ್ನಡ ಮನೆಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೂರವಿದ್ದರೂ ಮನೆ ಒಂದೇ ಎಂಬುದಕ್ಕೆ 1648ರ ಪ್ರಸಂಗ ಸಾಕ್ಷಿ. ಜಿಂಜಿಯ ಮುತ್ತಿಗೆಯ ಹೊತ್ತಿನಲ್ಲಿ ಬಿಜಾಪುರದವರು ಶಹಾಜಿಯವರನ್ನೇ ಸೆರೆಹಿಡಿದರು. ಬೆಂಗಳೂರಿನಲ್ಲಿ ಹಿರಿಯ ಮಗ ಸಂಭಾಜಿ, ಪುಣೆಯಲ್ಲಿ ಕಿರಿಯ ಮಗ ಶಿವಾಜಿ ತಮ್ಮ ಮೇಲೆ ಬಂದ ಸೈನ್ಯವನ್ನು ತಡೆದರು. ಕೊನೆಗೆ 1649ರಲ್ಲಿ ಶಹಾಜಿಯವರ ಬಿಡುಗಡೆಯಾಯಿತು. ಅದಕ್ಕೆ ಬೆಲೆಯಾಗಿ ತೆತ್ತದ್ದು ಪುಣೆಯ ನೆತ್ತಿಯ ಮೇಲಿನ ಕೊಂಡಾಣಾ ಕೋಟೆ ಮತ್ತು ಬೆಂಗಳೂರಿನ ಕೋಟೆ. ಆ ಕೊಂಡಾಣಾ ಮತ್ತೆ ಮರಾಠರ ಕೈಗೆ ಬಂತು, 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳ ಜೊತೆ ಮತ್ತೆ ಹೋಯಿತು. 1670ರ ಫೆಬ್ರವರಿಯಲ್ಲಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಅದನ್ನು ಗೆದ್ದುಕೊಟ್ಟರು. ಅದೇ ಇಂದಿನ ಸಿಂಹಗಡ. ಆ ಕೋಟೆ ಬೇಕೇಬೇಕೆಂದು ಹಟಹಿಡಿದವರು ಜೀಜಾಬಾಯಿ ಎಂದು ಲಾವಣಿಗಳು ಹಾಡುತ್ತವೆ. ಲಾವಣಿಯ ಮಾತನ್ನು ಇತಿಹಾಸವೆಂದು ಹಿಡಿಯಬೇಕಿಲ್ಲ. ಆದರೆ ಗಂಡನ ಜೀವಕ್ಕಾಗಿ ಒಮ್ಮೆ ಬಿಟ್ಟುಕೊಟ್ಟ ಕೋಟೆ ಅದು ಎಂದು ತಿಳಿದವರಿಗೆ, ಜನ ಆ ಹಟವನ್ನು ಅವರ ಬಾಯಲ್ಲೇ ಏಕೆ ಇಟ್ಟರೆಂಬುದು ಅರ್ಥವಾಗುತ್ತದೆ.

ನಂತರದ ಸುದ್ದಿಗಳೆಲ್ಲ ದಕ್ಷಿಣದಿಂದಲೇ ಬಂದವು. 1650ರ ದಶಕದ ನಡುವೆ ಹಿರಿಯ ಮಗ ಸಂಭಾಜಿ ಕನಕಗಿರಿಯ ಯುದ್ಧದಲ್ಲಿ ಮಡಿದರು. ಆಗ ಬೇಕಾದ ನೆರವನ್ನು ಬಿಜಾಪುರದ ಸರದಾರ ಅಫ್ಜಲ್ ಖಾನ್ ಬೇಕೆಂದೇ ಕೊಡಲಿಲ್ಲವೆಂಬ ಆರೋಪ ಆ ಮನೆಯಲ್ಲಿ ಆರದ ಬೆಂಕಿಯಾಗಿ ಉಳಿಯಿತು. 1664ರ ಜನವರಿಯಲ್ಲಿ, ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಬಳಿ ಬೇಟೆಗೆ ಹೋದ ಶಹಾಜಿ ಕುದುರೆಯಿಂದ ಬಿದ್ದು ತೀರಿಕೊಂಡರು. ಅವರ ಸಮಾಧಿ ಅಲ್ಲೇ ಇದೆ. ಸುದ್ದಿ ಕೇಳಿದ ಜೀಜಾಬಾಯಿ ಸಹಗಮನಕ್ಕೆ ಸಿದ್ಧರಾದರೆಂದೂ, ಮಗ ತಾಯಿಯನ್ನು ಅಂಗಲಾಚಿ ತಡೆದರೆಂದೂ ಬಖರುಗಳೆಂಬ ಮರಾಠಿ ಚರಿತ್ರೆಗಳು ಹೇಳುತ್ತವೆ. ಆಗ ಅವರಿಗೆ ಅರವತ್ತಾರು. ಅವರು ಬದುಕಲು ಒಪ್ಪಿದರು. ಆ ಒಪ್ಪಿಗೆಯಿಂದ ದೊರೆತ ಹತ್ತು ವರ್ಷ ರಾಜ್ಯಕ್ಕೂ ಬೇಕಿತ್ತು, ಒಬ್ಬ ಹುಡುಗನಿಗಂತೂ ತೀರ ಬೇಕಿತ್ತು.

ಆ ಹುಡುಗನೇ ಮೊಮ್ಮಗ ಸಂಭಾಜಿ, ಕನಕಗಿರಿಯಲ್ಲಿ ಮಡಿದ ದೊಡ್ಡಪ್ಪನ ಹೆಸರನ್ನೇ ಹೊತ್ತವನು. 1657ರ ಮೇ 14ರಂದು ಪುರಂದರ ಕೋಟೆಯಲ್ಲಿ ಹುಟ್ಟಿದ. ತಾಯಿ ಸಯಿಬಾಯಿಯ ಆರೋಗ್ಯ ಕೆಟ್ಟಿತ್ತು. ಮಗುವಿಗೆ ಹಾಲೂಡಿಸಲು ಕಾಪೂರಹೋಳದಿಂದ ಧಾರಾವು ಎಂಬ ತಾಯಿ ಬಂದರು. 1659ರ ಸೆಪ್ಟೆಂಬರಿನಲ್ಲಿ ಸಯಿಬಾಯಿ ರಾಜಗಡದಲ್ಲಿ ಕಣ್ಣುಮುಚ್ಚಿದಾಗ ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು. ಅವನ ಮೂವರು ಅಕ್ಕಂದಿರೂ ಚಿಕ್ಕವರೇ. ತಂದೆಯ ಮೇಲೆ ಅದೇ ಅಫ್ಜಲ್ ಖಾನ್ ದಂಡೆತ್ತಿ ಬರುತ್ತಿದ್ದ ದಿನಗಳು ಅವು. ಪ್ರತಾಪಗಡದ ಅಡಿಯಲ್ಲಿ ಅವರಿಬ್ಬರ ಭೇಟಿ ನಡೆದದ್ದು ನವೆಂಬರ್ 10ಕ್ಕೆ. ಸೊಸೆ ಸತ್ತು ಎರಡು ತಿಂಗಳಾಗಿತ್ತಷ್ಟೆ, ಮಗ ತಿರುಗಿ ಬರುವನೋ ಇಲ್ಲವೋ ಗೊತ್ತಿರಲಿಲ್ಲ, ಸೆರಗು ಹಿಡಿದು ಸುತ್ತುವ ಮೊಮ್ಮಕ್ಕಳಿದ್ದರು. ಜೀಜಾಬಾಯಿಯವರಿಗೆ ಅರವತ್ತೊಂದು.

ಮಗನನ್ನು ಬೆಳೆಸಿದಾಗ ಅವರಿಗೆ ಹರೆಯವಿತ್ತು, ಮೊಮ್ಮಗನನ್ನು ಬೆಳೆಸುವಾಗ ಮೈಯಲ್ಲಿ ಕಸುವು ಕುಂದಿತ್ತು. ಆದರೂ ಆ ಪೋಷಣೆ ಎಲ್ಲೂ ಸಡಿಲವಾಗಲಿಲ್ಲ. ಕತ್ತಿ, ಕುದುರೆಯ ಜೊತೆಗೆ ಸಂಭಾಜಿ ಸಂಸ್ಕೃತದಲ್ಲೂ ಪಳಗಿದರು. ‘ಬುಧಭೂಷಣಂ’ ಎಂಬ ಸಂಸ್ಕೃತ ಗ್ರಂಥ ಅವರ ಹೆಸರಿನಲ್ಲಿದೆ. ಯುದ್ಧದ ನಡುವೆ ತಾಯಿಯಿಲ್ಲದೆ ಬೆಳೆದ ಹುಡುಗನಿಗೆ ಓದಲು, ಬರೆಯಲು ನೆಮ್ಮದಿಯ ಮನೆಯೊಂದು ಇತ್ತು ಎಂಬುದಕ್ಕೆ ಇದೇ ಗುರುತು.

1666ರಲ್ಲಿ ಆ ಮನೆಗೆ ದೊಡ್ಡ ಪರೀಕ್ಷೆ ಬಂತು. ಪುರಂದರ ಒಪ್ಪಂದದ ಬಳಿಕ ಶಿವಾಜಿಯವರು ಆಗ್ರಾಕ್ಕೆ ಹೋಗಬೇಕಾಯಿತು. ಒಂಬತ್ತು ವರ್ಷವೂ ತುಂಬದ ಸಂಭಾಜಿಯನ್ನೂ ಕರೆದುಕೊಂಡು ಮಾರ್ಚಿನಲ್ಲಿ ಹೊರಟರು. ಹೊರಡುವ ಮುನ್ನ ರಾಜ್ಯದ ಮೇಲ್ವಿಚಾರಣೆಯನ್ನು ತಾಯಿಗೆ ಒಪ್ಪಿಸಿದರು. ಮೇ 12ರಂದು ಔರಂಗಜೇಬನ ದರ್ಬಾರು, ನಂತರ ಸೆರೆ, ಆಗಸ್ಟ್ 17ರಂದು ತಪ್ಪಿಸಿಕೊಂಡ ಸಾಹಸ ಎಲ್ಲರಿಗೂ ಗೊತ್ತು. ಅಷ್ಟೂ ತಿಂಗಳು ಇತ್ತ ಕೋಟೆಗಳ ಕಾವಲು ಸಡಿಲವಾಗಲಿಲ್ಲ. ಮಗ, ಮೊಮ್ಮಗ ಇಬ್ಬರೂ ಶತ್ರುವಿನ ಕೈಯಲ್ಲಿರುವಾಗ ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ಕಾರಭಾರಿಗಳ ಜೊತೆ ಕುಳಿತು ರಾಜ್ಯವನ್ನು ಹಿಡಿದಿಟ್ಟರು. ಹುಡುಗನನ್ನು ಮಥುರೆಯಲ್ಲಿ ನಂಬಿದವರ ಮನೆಯಲ್ಲಿ ಬಿಟ್ಟು ಶಿವಾಜಿ ಮೊದಲು ಬಂದರು. ಮೊಗಲರ ಹುಡುಕಾಟ ನಿಲ್ಲಲೆಂದು ಮಗ ದಾರಿಯಲ್ಲಿ ಸತ್ತನೆಂಬ ಸುದ್ದಿಯನ್ನೂ ಹಬ್ಬಿಸಿದರೆಂದು ಹೇಳುತ್ತಾರೆ. ಕೆಲವು ತಿಂಗಳ ಬಳಿಕ ಸಂಭಾಜಿ ಅಜ್ಜಿಯ ಬಳಿ ಮರಳಿದ.

1674ರ ಜೂನ್ 6ರಂದು ರಾಯಗಡದಲ್ಲಿ ಶಿವಾಜಿಯವರ ಪಟ್ಟಾಭಿಷೇಕವಾಯಿತು. ಬೆಟ್ಟದ ಮೇಲಿನ ಗಾಳಿ ಮೈಗೆ ಒಗ್ಗದೆ ಜೀಜಾಬಾಯಿ ಬೆಟ್ಟದ ಬುಡದ ಪಾಚಾಡದಲ್ಲಿ, ಮಗ ಕಟ್ಟಿಸಿಕೊಟ್ಟ ವಾಡೆಯಲ್ಲಿ ವಾಸವಾಗಿದ್ದರು. ಪಟ್ಟಾಭಿಷೇಕ ನೋಡಿದ ಹನ್ನೊಂದನೆಯ ದಿನ, ಜೂನ್ 17ರಂದು, ಅಲ್ಲೇ ತೀರಿಕೊಂಡರು. ಅವರ ಸಮಾಧಿ ಪಾಚಾಡದಲ್ಲಿದೆ. ಸಂಭಾಜಿಗೆ ಆಗ ಹದಿನೇಳು.

ಅವರ ನಂತರ ಆ ಮನೆಯಲ್ಲಿ ಏನಾಯಿತೆಂದು ನೋಡಿದರೆ ಅವರ ಬೆಲೆ ಇನ್ನಷ್ಟು ತಿಳಿಯುತ್ತದೆ. ಮೂರೇ ವರ್ಷಕ್ಕೆ, 1677ರಲ್ಲಿ, ತಂದೆಯ ಆಸ್ತಿಯ ಪಾಲಿಗಾಗಿ ಶಿವಾಜಿ ಮತ್ತು ಮಲತಮ್ಮ ಏಕೋಜಿಯವರ ನಡುವೆ ಜಗಳವೆದ್ದು ಯುದ್ಧವೇ ಆಯಿತು. ರಾಜಿಯಾದಾಗ ಬೆಂಗಳೂರು ಸೀಮೆಯನ್ನು ಏಕೋಜಿಯವರ ಹೆಂಡತಿ ದೀಪಾಬಾಯಿಗೆ ಕುಪ್ಪಸ, ಬಳೆಯ ಖರ್ಚಿಗೆಂದು ಬಿಟ್ಟುಕೊಡಲಾಯಿತು. 1678ರ ಕೊನೆಗೆ ಸಂಭಾಜಿಯವರು ತಂದೆಯೊಡನೆ ಮುನಿದು ಮೊಗಲ ಸೇನಾಪತಿ ದಿಲೇರ್ ಖಾನನ ಪಾಳೆಯ ಸೇರಿದರು, ಮರುವರ್ಷ ಮರಳಿದರು. 1680ರಲ್ಲಿ ಶಿವಾಜಿಯವರು ತೀರಿಕೊಂಡಾಗ ಮಲತಾಯಿ ಸೋಯರಾಬಾಯಿಯವರ ಕಡೆಯವರು ಸಣ್ಣ ಮಗ ರಾಜಾರಾಮನನ್ನು ಪಟ್ಟಕ್ಕೆ ತಂದರು. ಈ ಬಿರುಕುಗಳಿಗೆ ರಾಜಕೀಯದ ಕಾರಣಗಳು ಬೇಕಾದಷ್ಟಿವೆ. ಆದರೂ ಅಣ್ಣತಮ್ಮ, ತಂದೆಮಗ, ಸವತಿಯರು ಎಲ್ಲರೂ ಮಾತು ಮೀರದಂಥ ಒಬ್ಬ ಹಿರಿಯರು ಆ ಮನೆಯಲ್ಲಿ ಆಗ ಉಳಿದಿರಲಿಲ್ಲ ಎಂಬುದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಇಂದು ಜೀಜಾಬಾಯಿಯವರ ಹೆಸರಿಗೆ ಕೊರತೆಯಿಲ್ಲ. ಮುಂಬಯಿಯ ಹಳೆಯ ತಾಂತ್ರಿಕ ವಿದ್ಯಾಸಂಸ್ಥೆಗೆ, ಭಾಯಖಳದ ಪ್ರಾಣಿಸಂಗ್ರಹಾಲಯಕ್ಕೆ ಅವರ ಹೆಸರಿದೆ. ಪ್ರತಿ ಜನವರಿ 12ರಂದು ಸಿಂದಖೇಡ್ ರಾಜಾದಲ್ಲಿ ಜನಸಾಗರ ಸೇರುತ್ತದೆ. ಎಲ್ಲ ಕಡೆಯೂ ಅವರು ವೀರಮಾತೆ, ರಾಜಮಾತೆ. ಆ ಬಿರುದುಗಳು ಮಗನ ಕೀರ್ತಿಯಿಂದ ಬಂದವು. ಹಾಳೂರನ್ನು ಊರು ಮಾಡಿದವರು, ಎರಡು ಊರಿಗೆ ಹಂಚಿಹೋದ ಸಂಸಾರವನ್ನು ಒಂದೇ ಮನೆಯೆಂದು ಕಾಯ್ದವರು, ವೃದ್ಧಾಪ್ಯದಲ್ಲಿ ಮತ್ತೊಮ್ಮೆ ತಾಯಿಯಾದವರು ಎಂಬುದು ಅವರ ಸ್ವಂತ ದುಡಿಮೆ. ಮಗ ರಾಜನಾಗದಿದ್ದರೂ ಆ ದುಡಿಮೆ ಅಷ್ಟೇ ದೊಡ್ಡದಾಗಿರುತ್ತಿತ್ತು.

ಕನ್ನಡಿಗರಾದ ನಮಗೆ ಈ ನೆನಪಿನಲ್ಲಿ ಒಂದು ಪಾಲಿದೆ. ಹೊದಿಗೆರೆ, ಕನಕಗಿರಿ, ಬೆಂಗಳೂರನ್ನು ಬಿಟ್ಟು ಈ ತಾಯಿಯ ಕಥೆ ಪೂರ್ತಿಯಾಗುವುದಿಲ್ಲ. ಪುಣೆಯ ಶಾಲೆಯ ಮಕ್ಕಳಿಗೂ, ಚನ್ನಗಿರಿಯ ಶಾಲೆಯ ಮಕ್ಕಳಿಗೂ ಇದನ್ನು ಒಂದೇ ಮನೆಯ ಕಥೆಯಾಗಿ ಹೇಳಬೇಕು. ಗಡಿಯ ಜಗಳ ಕೇಳಿ ಬೆಳೆಯುವ ಮಕ್ಕಳಿಗೆ ಎರಡೂ ನಾಡಿಗೆ ಸೇರಿದ ಒಬ್ಬ ಅಜ್ಜಿ ಇದ್ದರೆಂದು ಗೊತ್ತಾಗಲಿ.

ನಮ್ಮ ನಮ್ಮ ಮನೆಗಳ ತಾಯಿ, ಅಜ್ಜಿಯರನ್ನು ನೆನೆಯುವಾಗಲೂ ಇದೇ ಅಳತೆ ಇರಲಿ. ಶ್ರದ್ಧಾಂಜಲಿಯ ಫಲಕದಲ್ಲಿ ಮಮತಾಮಯಿ, ತ್ಯಾಗಮಯಿ ಎಂದು ಬರೆಸಿ ಮುಗಿಸುತ್ತೇವೆ. ಆಕೆ ಯಾವ ಕಷ್ಟದ ವರ್ಷದಲ್ಲಿ ಯಾವ ನಿರ್ಧಾರ ತೆಗೆದುಕೊಂಡರು, ಯಾರ ಮಕ್ಕಳನ್ನು ತಮ್ಮ ಮಕ್ಕಳಂತೆ ಸಾಕಿದರು, ಯಾರನ್ನು ಕಳೆದುಕೊಂಡೂ ಮರುದಿನ ಒಲೆ ಹಚ್ಚಿದರು, ಯಾವ ಮುರಿದ ಸಂಬಂಧವನ್ನು ಕೂಡಿಸಿದರು ಎಂಬುದನ್ನು ಹೆಸರು, ಊರು, ಇಸವಿ ಸಮೇತ ಮೊಮ್ಮಕ್ಕಳಿಗೆ ಹೇಳಿ, ಬರೆದಿಡಿ. ಹಾಗೆ ಹೇಳಿದಾಗ ಮಾತ್ರ ಆಕೆಯ ಪ್ರೀತಿಯ ಹಿಂದಿದ್ದ ಬುದ್ಧಿ, ಧೈರ್ಯ, ಬೆವರು ಎಲ್ಲವೂ ಮುಂದಿನವರಿಗೆ ತಿಳಿಯುತ್ತದೆ. ಅವರೂ ಹಾಗೆ ಬದುಕಲು ಕಲಿಯುತ್ತಾರೆ.